ಒಂದೇ ತಂತಿಯಲ್ಲಿ ಧಾರಾವಾಹಿಯೂ ಸೂಪರ್‌ಹೀರೋಗಳೂ: ಚಿಕ್ಕಮಗಳೂರಿನ ಒಂದು ಕೇಬಲ್–ಫೈಬರ್ ಸಂಪರ್ಕದ ವಿಮರ್ಶೆ

ಟಿವಿ ಕೇಬಲ್, ಫೈಬರ್ ಇಂಟರ್‌ನೆಟ್ ಮತ್ತು ಇಂಟರ್‌ನೆಟ್ ಮೂಲಕ ಸಿನಿಮಾ, ಧಾರಾವಾಹಿ ತೋರಿಸುವ ಕೆಲವು ಒಟಿಟಿ ಆ್ಯಪ್‌ಗಳ ಚಂದಾ, ಈ ಮೂರನ್ನೂ ಒಂದೇ ಪ್ಯಾಕ್ ಮಾಡಿ ಕೊಡುವ ಸ್ಥಳೀಯ ಆಪರೇಟರ್ ಒಬ್ಬರಿಂದ ಚಿಕ್ಕಮಗಳೂರಿನ ನಮ್ಮ ಮನೆಗೆ ಸಂಪರ್ಕ ಪಡೆದಿದ್ದೇವೆ. ಇಂಥ ಸೇವೆಗೆ ಎಷ್ಟು ಎಂಬಿಪಿಎಸ್ ವೇಗ ಸಿಕ್ಕಿತು ಎಂದು ಅಳೆದು ಅಂಕ ಕೊಟ್ಟುಬಿಡುವುದು ವಾಡಿಕೆ. ಆದರೆ ಮನೆಯಲ್ಲಿ ಟಿವಿಯ ಮುಂದೆ ಕೂರುವವರು ಯಾರೂ ವೇಗವನ್ನು ನೋಡುವುದಿಲ್ಲ. ತಮ್ಮ ಧಾರಾವಾಹಿ, ತಮ್ಮ ಮೆಚ್ಚಿನ ಗಾಯಕರು, ತಮ್ಮ ಸೂಪರ್‌ಹೀರೋ ಸರಿಯಾದ ಹೊತ್ತಿಗೆ, ತಮಗೆ ತಿಳಿಯುವ ಭಾಷೆಯಲ್ಲಿ ಬಂದರೋ ಇಲ್ಲವೋ ಎಂಬುದಷ್ಟೇ ಅವರ ಲೆಕ್ಕ. ಆದ್ದರಿಂದ ನಾನು ಈ ಸೇವೆಯನ್ನು ನಮ್ಮ ಮನೆಯ ಮತ್ತು ನೆರೆಹೊರೆಯ ಅಭಿಮಾನಿಗಳ ಮಾತಿನಿಂದಲೇ ಅಳೆಯುತ್ತಿದ್ದೇನೆ. ಅವರ ಮಾತನ್ನೆಲ್ಲ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕೇಬಲ್ ಭಾಗ ಕೊಟ್ಟ ಹಣಕ್ಕೆ ಮೋಸವಿಲ್ಲ, ಅದರ ಜೊತೆಗೆ ತಗುಲಿಸಿರುವ ಒಟಿಟಿ ಭಾಗ, ಕನ್ನಡದಲ್ಲಿ ನೋಡಬಯಸುವವರ ಮಟ್ಟಿಗೆ, ಹೆಸರಿಗಷ್ಟೇ ಇದೆ.

ಮೊದಲು ಮಳೆಯ ವಿಚಾರ ಹೇಳಬೇಕು, ಏಕೆಂದರೆ ಈ ಊರಿನಲ್ಲಿ ಬೇರೆಲ್ಲವೂ ಅದರ ಮೇಲೆ ನಿಂತಿದೆ. ಹಿಂದೆ ನಮ್ಮಲ್ಲಿ ಡಿಟಿಎಚ್, ಅಂದರೆ ಮನೆಯ ಮೇಲಿನ ಡಿಶ್‌ನಿಂದ ಉಪಗ್ರಹದ ಸಂಕೇತ ಹಿಡಿಯುವ ಸಂಪರ್ಕ, ಇತ್ತು. ಡಿಟಿಎಚ್ ಸಂಕೇತಗಳು ಬರುವುದು ಕು ಬ್ಯಾಂಡ್ ಎಂಬ ರೇಡಿಯೋ ತರಂಗಗಳ ಪಟ್ಟಿಯಲ್ಲಿ. ಅದರ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ ಜೋರು ಮಳೆ ಅದನ್ನು ಹೀರಿಕೊಂಡು ಚದುರಿಸಿಬಿಡುತ್ತದೆ. ಆಷಾಢದಲ್ಲಿ ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಇಳಿಯಿತೆಂದರೆ, ಧಾರಾವಾಹಿಯ ಸೊಸೆಯು ಮನೆಯವರೆಲ್ಲರ ಮುಂದೆ ಸತ್ಯ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆದು, ಸಿಗ್ನಲ್ ಇಲ್ಲವೆಂಬ ಸೂಚನೆ ಬಂದು ಕೂರುತ್ತಿತ್ತು. ಫೈಬರ್‌ಗೆ ಮಳೆಯ ಈ ಕಾಟವಿಲ್ಲ. ಅದರ ಕಷ್ಟ ಬೇರೆ: ತಂತಿಯನ್ನು ಕಂಬದಿಂದ ಕಂಬಕ್ಕೆ ಎಳೆದಿರುತ್ತಾರೆ, ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಅದರ ಮೇಲೆಯೇ ಬೀಳುತ್ತದೆ.

ಹಾಗೆ ತುಂಡಾದಾಗ ದುರಸ್ತಿಗೆ ಬಂದ ಹುಡುಗನ ಕೆಲಸವನ್ನು ನಮ್ಮ ಜಗಲಿಯಲ್ಲಿಯೇ ನೋಡಿದೆ. ಫೈಬರನ್ನು ಹಳೆಯ ಕೇಬಲ್‌ನಂತೆ ಹೊಸೆದು ಟೇಪು ಸುತ್ತಲಾಗುವುದಿಲ್ಲ. ಆತ ಕೂದಲೆಳೆಯಷ್ಟು ಸಣ್ಣ ಗಾಜಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನೂ ಒಂದು ಪುಟ್ಟ ಯಂತ್ರದೊಳಗೆ ಎದುರುಬದುರಾಗಿ ಇಟ್ಟ. ಯಂತ್ರದ ಪರದೆಯಲ್ಲಿ ಅವು ಹಿಗ್ಗಿ ಕಾಣಿಸಿದವು, ವಿದ್ಯುತ್ ಕಿಡಿಯೊಂದು ಹಾರಿತು, ಎರಡೂ ಬೆಸೆದುಕೊಂಡವು. ಅಷ್ಟರಲ್ಲಿ ನಮ್ಮ ಅತ್ತೆಯವರು ಒಳಗಿನಿಂದಲೇ, “ಏಳು ಗಂಟೆಗೆ ಬರುತ್ತದೇನಪ್ಪಾ?” ಎಂದು ಕೇಳಿದರು. “ಬರ್ತದೆ ಅಮ್ಮಾ, ನಿಮ್ಮ ಸೀರಿಯಲ್ಲಿಗೇ ಅಲ್ವಾ ಓಡಿ ಬಂದಿದ್ದು” ಎಂದ ಆತ. ಬಂದಿತು ಕೂಡ. ದೂರು ಕೊಟ್ಟರೆ ಎತ್ತಿಕೊಳ್ಳುವವರು ಇದೇ ಊರಿನವರು, ಇಡೀ ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ಧಾರಾವಾಹಿ ನಡೆಯುತ್ತದೆಂದು ಬಲ್ಲವರು. ಈ ಸೇವೆಯಲ್ಲಿ ನಾನು ಪೂರ್ತಿ ಅಂಕ ಕೊಡುವ ಸಂಗತಿ ಇದೊಂದೇ.

ಅತ್ತೆಯವರು ಧಾರಾವಾಹಿಗಳ ಅಭಿಮಾನಿ ನಿಜ, ಆದರೆ ಒಪ್ಪುವ ಅಭಿಮಾನಿಯಲ್ಲ. 1998ರ ಸುಮಾರಿನಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ನೋಡಿದ ತಲೆಮಾರು ಅವರದು. ಈಗಿನ ಕಥೆಗಳಲ್ಲಿ ಒಂದು ಮಾತು ಆಡಿದ ಮೇಲೆ ಕೋಣೆಯಲ್ಲಿರುವ ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಮೂರು ಮೂರು ಸಲ ನುಗ್ಗುವುದು, ಹಿಂದೆ ಗುಡುಗಿನ ಸದ್ದು ಬರುವುದು, ಹೀಗೆ ಒಂದು ಶುಕ್ರವಾರದ ಪ್ರಶ್ನೆಗೆ ಉತ್ತರ ಮುಂದಿನ ಗುರುವಾರದವರೆಗೂ ಸಿಗದಿರುವುದು ಅವರ ಮುಖ್ಯ ಆಕ್ಷೇಪ. ಆದರೂ ಒಂದು ಕಂತನ್ನೂ ಬಿಡುವುದಿಲ್ಲ. ಕೇಳಿದರೆ, “ಬಿಟ್ಟರೆ ಬೈಯೋದು ಹೇಗೆ?” ಎನ್ನುತ್ತಾರೆ. ಈ ಮಾತನ್ನು ನಾನು ನಗೆಯಾಡಿ ತಳ್ಳಿಹಾಕುವುದಿಲ್ಲ. ಉಮಾಶ್ರೀ ಅವರಂಥ ಕಲಾವಿದೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಕಥೆ ನಿಂತಲ್ಲೇ ನಿಂತಾಗಲೂ ಒಂದು ನೋಟದಿಂದ ದೃಶ್ಯವನ್ನು ಎತ್ತಿಹಿಡಿಯುತ್ತಿದ್ದರೆಂದು ಗುರುತಿಸಿ ಹೇಳುವವರು ಅವರೇ.

ಇಂಥ ವೀಕ್ಷಕರಿಗೆ ಕೇಬಲ್‌ಗಿಂತ ಒಳ್ಳೆಯ ಸಾಧನವಿಲ್ಲ. ಬಟನ್ ಒತ್ತಿದರೆ ಚಾನೆಲ್ ಬರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ, ಮಧ್ಯದಲ್ಲಿ ಚಕ್ರ ತಿರುಗುವುದಿಲ್ಲ. ಪ್ಯಾಕ್‌ನಲ್ಲಿ ಎಚ್‌ಡಿ ಚಾನೆಲ್‌ಗಳನ್ನು ಸೇರಿಸಿದಾಗ ಮಾತ್ರ, “ಇದರಲ್ಲಿ ಎಲ್ಲರ ಪೌಡರೂ ಕಾಣುತ್ತೆ” ಎಂದು ಅವರು ಹಳೆಯದಕ್ಕೇ ಮರಳಿದರು. ಹಣದ ದೃಷ್ಟಿಯಿಂದಲೂ ಅದು ಜಾಣತನ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರ ಫೆಬ್ರುವರಿಯಿಂದ ಜಾರಿಗೆ ತಂದ ದರ ವ್ಯವಸ್ಥೆಯಲ್ಲಿ ಬೇಕಾದ ಚಾನೆಲ್ಲನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಅಲ್ಲಿ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಸಾಮಾನ್ಯ ಚಾನೆಲ್‌ಗಳೆಂದು ಲೆಕ್ಕ ಹಾಕುತ್ತಿದ್ದರು. ಆಗ ಮೂಲ ಸಂಪರ್ಕದ ಶುಲ್ಕಕ್ಕೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. 2024ರ ಜುಲೈನಲ್ಲಿ ಆ ಮಿತಿಯನ್ನು ತೆಗೆದಿರುವುದರಿಂದ, ಈಗ ಸಂಪರ್ಕ ಪಡೆಯುವವರು ಶುಲ್ಕ ಎಷ್ಟು, ಚಾನೆಲ್‌ಗಳ ದರ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಒಳಿತು. ನಮ್ಮ ಆಪರೇಟರ್ ಕೇಳಿದ ಮೇಲೆ ಕೊಟ್ಟರು. ಕೇಳದಿದ್ದರೆ ಒಟ್ಟು ಮೊತ್ತವನ್ನಷ್ಟೇ ಹೇಳುತ್ತಾರೆ.

ತೊಂದರೆ ಆರಂಭವಾಗುವುದು ಆ್ಯಪ್‌ಗಳಿಂದ. ಹಣ ಕೊಟ್ಟ ಚಂದಾದಾರರಿಗೆ ಸಂಜೆಯ ಕಂತನ್ನು ಟಿವಿಗಿಂತ ಮೊದಲೇ ತೋರಿಸುವ ಪದ್ಧತಿ ಬಂದಿದೆ. ಪಕ್ಕದ ಮನೆಯವರು ಬೆಳಿಗ್ಗೆಯೇ ನೋಡಿ ಮುಗಿಸಿ, ಹಾಲಿನ ಬೂತಿನ ಮುಂದೆ “ಇವತ್ತು ಅವಳಿಗೆ ಪ್ರಜ್ಞೆ ಬರುತ್ತೆ ಮಾರಾಯ್ತಿ” ಎಂದುಬಿಟ್ಟರೆ, ಅಲ್ಲಿಗೆ ಉಳಿದವರ ಸಂಜೆ ಮುಗಿಯಿತು. ನಮ್ಮ ಬೀದಿಯಲ್ಲಿ ಇದೇ ಕಾರಣಕ್ಕೆ ಮಾತು ಬಿಟ್ಟು, ಹಬ್ಬದ ದಿನ ಮತ್ತೆ ಆಡಿದವರಿದ್ದಾರೆ. ಬಿಗ್‌ಬಾಸ್ ಕಾಲದಲ್ಲಿ ಇದರ ವಿಲೋಮ ನಡೆಯುತ್ತದೆ: ಆ್ಯಪ್‌ನಲ್ಲಿ ಬರುವ ನೇರ ಚಾನೆಲ್ ಕೇಬಲ್‌ಗಿಂತ ಅರ್ಧ ನಿಮಿಷದಷ್ಟು ಹಿಂದಿರುತ್ತದೆ, ಏಕೆಂದರೆ ಚಿತ್ರವನ್ನು ತುಂಡು ತುಂಡಾಗಿ ಕಟ್ಟಿ ಕಳಿಸಿ, ಕೆಲವು ತುಂಡುಗಳು ಕೂಡಿದ ಮೇಲೆಯೇ ತೋರಿಸಲಾಗುತ್ತದೆ. ವಾರಾಂತ್ಯದಲ್ಲಿ ಸುದೀಪ್ ಅವರು ಮನೆಯಿಂದ ಹೊರಹೋಗುವವರ ಹೆಸರು ಹೇಳುವ ಮೊದಲೇ, ಕೇಬಲ್ ಇರುವ ಮನೆಯ ಕೂಗು ಆ್ಯಪ್ ನೋಡುತ್ತಿರುವ ಮನೆಗೆ ಕೇಳಿಸುತ್ತದೆ. ವೋಟು ಹಾಕಲು ಮಾತ್ರ ಆ್ಯಪ್ ಬೇಕೇ ಬೇಕು.

ಪಾಪ್ ಸಂಗೀತದ ಅಭಿಮಾನಿಗಳ ದೂರು ಕಡಿಮೆ. ನನ್ನ ಮಗಳು ಮತ್ತು ಅವಳ ಗೆಳತಿಯರು ದಕ್ಷಿಣ ಕೊರಿಯಾದ ಬಿಟಿಎಸ್ ಗಾಯಕರ ತಂಡದವರು ಸೇನಾ ಸೇವೆ ಮುಗಿಸುವುದನ್ನು ಕಾದು ಕುಳಿತಿದ್ದವರು. ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ, ಅಲ್ಲಿ ಮಧ್ಯಾಹ್ನ 1 ಗಂಟೆಗೆ ಬಿಡುಗಡೆಯಾಗುವ ಹಾಡು ಇಲ್ಲಿ ಬೆಳಿಗ್ಗೆ 9.30ಕ್ಕೆ ಬರುತ್ತದೆ, ಅಂದರೆ ಅವರು ಕಾಲೇಜಿಗೆ ಹೊರಟಿರುವ ಹೊತ್ತಿಗೆ. ಮನೆಯ ಫೈಬರ್ ಅವರಿಗೆ ಉಪಯೋಗವಾಗುವುದು ರಾತ್ರಿಯಷ್ಟೇ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಕನ್ನಡ ರ‍್ಯಾಪ್ ಹಾಡುಗಳನ್ನು ಅವರು ಸ್ವಲ್ಪ ಹಳೆಯದೆಂದೇ ಭಾವಿಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ, ಆದರೆ ಆ ವಾದಕ್ಕೂ ಇಂಟರ್‌ನೆಟ್ ಸಂಪರ್ಕಕ್ಕೂ ಸಂಬಂಧವಿಲ್ಲ.

ಸೂಪರ್‌ಹೀರೋ ಸಿನಿಮಾಗಳ ವಿಷಯಕ್ಕೆ ಬಂದರೆ ನನ್ನ ತಕರಾರು ದೊಡ್ಡದು. ಕನ್ನಡದಲ್ಲಿ ಡಬ್ಬಿಂಗ್ ಬಹುಕಾಲ ನಡೆಯದಂತೆ ಚಿತ್ರರಂಗದ ಒಳಗಿನಿಂದಲೇ ತಡೆಯಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆಯ ವಿರುದ್ಧ ಆದೇಶ ನೀಡಿತು. ಆದರೂ 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತೇ ಹೊರತು ಕನ್ನಡದಲ್ಲಿ ಬರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ ಟಿವಿಯಲ್ಲಿ ಬಂದು ಮನೆಮನೆಗೆ ತಲುಪಿದ ಮೇಲೆ ಗಾಳಿ ಬದಲಾಯಿತು. 2022ರಲ್ಲಿ ಎರಡನೆಯ ‘ಡಾಕ್ಟರ್ ಸ್ಟ್ರೇಂಜ್’, 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡದಲ್ಲಿಯೂ ತೆರೆಕಂಡವು. ಇವುಗಳ ಬಗ್ಗೆ ನನ್ನ ಮಗ ಮತ್ತು ಅವನ ಗೆಳೆಯರಲ್ಲಿ ಎರಡು ಪಕ್ಷಗಳಿವೆ. ಇಂಗ್ಲಿಷ್‌ನಲ್ಲಿಯೇ ನೋಡಬೇಕೆನ್ನುವವರ ದೂರು, ನ್ಯೂಯಾರ್ಕಿನ ಹುಡುಗನೊಬ್ಬ ಆಕಾಶವಾಣಿಯಲ್ಲಿ ವಾರ್ತೆ ಓದಿದಂತೆ ಮಾತಾಡುತ್ತಾನೆ ಎಂಬುದು. ಅದರಲ್ಲಿ ಹುರುಳಿದೆ, ಡಬ್ಬಿಂಗ್ ಬರೆಯುವವರು ಗ್ರಾಂಥಿಕ ಕನ್ನಡವನ್ನು ಇನ್ನೂ ಕಳಚಿಲ್ಲ. ಕನ್ನಡದ ಪಕ್ಷದವರ ಉತ್ತರವೂ ಸುಳ್ಳಲ್ಲ: ಇಂಗ್ಲಿಷ್‌ನಲ್ಲಿ ನೋಡುವಾಗ ಹೊಡೆದಾಟಕ್ಕಷ್ಟೇ ಚಪ್ಪಾಳೆ ಹೊಡೆಯುತ್ತಿದ್ದವರು ಕನ್ನಡದಲ್ಲಿ ನೋಡುವಾಗ ಮಾತಿಗೂ ನಕ್ಕರು. ಮಲಯಾಳಂ ಮೂಲದ ‘ಮಿನ್ನಲ್ ಮುರಳಿ’ಯ ಕನ್ನಡ ಅವತರಣಿಕೆಯನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಟೈಲರ್ ಅಂಗಡಿ, ಊರ ಜಾತ್ರೆ ಇರುವ ಕಥೆಗೆ ನಮ್ಮ ಮಾತು ಹೊಂದಿಕೊಳ್ಳುವುದು ಸಹಜ.

ನಮ್ಮ ಪ್ಯಾಕ್‌ನ ಆ್ಯಪ್‌ಗಳಲ್ಲಿ ಆ ಕನ್ನಡವನ್ನು ಹುಡುಕುವುದೇ ಒಂದು ಕೆಲಸ. ಪೋಸ್ಟರಿನ ಕೆಳಗೆ ಭಾಷೆಗಳ ಸಾಲಿನಲ್ಲಿ ಕನ್ನಡ ಇರುತ್ತದೆ. ಸಿನಿಮಾ ಮಾತ್ರ ಹಿಂದಿಯಲ್ಲಿ ಶುರುವಾಗುತ್ತದೆ. ನಿಲ್ಲಿಸಿ, ಮೂಲೆಯ ಚಿಹ್ನೆ ಒತ್ತಿ, ಆಡಿಯೋ ಪಟ್ಟಿಯ ಕೊನೆಯವರೆಗೆ ಇಳಿದು ಬದಲಾಯಿಸಬೇಕು, ಮುಂದಿನ ಸಿನಿಮಾಕ್ಕೆ ಮತ್ತೆ ಮೊದಲಿನಿಂದ. ಇನ್ನು ಕೆಲವಕ್ಕೆ ಪಟ್ಟಿಯಲ್ಲೂ ಕನ್ನಡ ಸಿಗುವುದಿಲ್ಲ. ಜೊತೆಗೆ, ಪ್ಯಾಕ್‌ನೊಂದಿಗೆ ಬಂದ ಚಂದಾಗಳಲ್ಲಿ ಒಂದು ಮೊಬೈಲ್‌ಗೆ ಮಾತ್ರ ಅನ್ವಯಿಸುತ್ತದೆಂದು ಹಣ ಕಟ್ಟಿದ ಮೇಲೆ ತಿಳಿಯಿತು. ಆಪರೇಟರರನ್ನು ಕೇಳಿದರೆ ಆ್ಯಪ್‌ನವರತ್ತ ಕೈ ತೋರಿಸುತ್ತಾರೆ, ಆ್ಯಪ್‌ನ ಸಹಾಯವಾಣಿಯಲ್ಲಿ ಕನ್ನಡದ ಆಯ್ಕೆಯೇ ಇಲ್ಲ. ಧಾರಾವಾಹಿಯ ಪ್ರೇಕ್ಷಕರನ್ನು ಕನ್ನಡಿಗರೆಂದು ಅಷ್ಟು ಚೆನ್ನಾಗಿ ನೆನಪಿಡುವ ವ್ಯವಸ್ಥೆಗೆ, ಅದೇ ಮನೆಯ ಹುಡುಗರೂ ಕನ್ನಡಿಗರೆಂಬುದು ಹೇಗೆ ಮರೆಯುತ್ತದೋ ತಿಳಿಯದು.

ಈ ಪ್ಯಾಕ್ ನವೀಕರಿಸುವಾಗ ನಾವು ಕೇಬಲ್ ಮತ್ತು ಇಂಟರ್‌ನೆಟ್ಟನ್ನು ಉಳಿಸಿಕೊಂಡು ಒಟಿಟಿ ಭಾಗವನ್ನು ಕೈಬಿಡುತ್ತೇವೆ. ಬೇಕಾದ ಆ್ಯಪ್ ಒಂದನ್ನು, ಬೇಕಾದ ತಿಂಗಳಿಗೆ ಮಾತ್ರ ಬೇರೆಯಾಗಿ ಕೊಳ್ಳುವುದು ಅಗ್ಗ. ಹೊಸದಾಗಿ ಸಂಪರ್ಕ ಪಡೆಯುವವರು ಫೈಬರ್ ಪೆಟ್ಟಿಗೆಯನ್ನೂ ಸೆಟ್‌ಟಾಪ್ ಬಾಕ್ಸನ್ನೂ ಇನ್‌ವರ್ಟರ್ ಇರುವ ಪ್ಲಗ್‌ಗೇ ಹಾಕಿಸಿಕೊಳ್ಳಬೇಕು, ಮತ್ತು ಕರೆಂಟು ಹೋದಾಗ ಆಪರೇಟರರ ಕಡೆಯ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಮಳೆಗಾಲ ಹಿಡಿಯುವ ಮೊದಲೇ ಕೇಳಿಟ್ಟುಕೊಳ್ಳಬೇಕು.