ಬ್ಲಾಕ್‌ಗೆ ಉಕ್ಕಿನ ಕಿಟ್ಟವೋ, ಹಳೇ ಕಾಂಕ್ರೀಟೋ?

ತುಮಕೂರಿನ ವಸಂತನರಸಾಪುರದ ಕಡೆ ಗೋಡೆ ಕಟ್ಟುವ ಬ್ಲಾಕ್‌ಗಳ ಘಟಕ ಹಾಕಲು ಹೊರಟ ಗೆಳೆಯರು ಕೇಳಿದರು: ಬ್ಲಾಕ್‌ನೊಳಗೆ ಇಂಗಾಲದ ಡೈಆಕ್ಸೈಡ್ ಹಿಡಿದಿಡಲು ಯಾವ ತ್ಯಾಜ್ಯ ತಗೊಳ್ಳಲಿ?

ಗುಟ್ಟು ನಮ್ಮ ಗೋಡೆಯ ಸುಣ್ಣದಲ್ಲೇ ಇದೆ. ಬಳಿದ ಸುಣ್ಣ ಗಾಳಿಯಲ್ಲಿನ ಈ ಅನಿಲ ಹೀರಿಯೇ ಗಟ್ಟಿಯಾಗೋದು. ಲೆಕ್ಕದ ಪ್ರಕಾರ 56 ಕಿಲೋ ಸುಟ್ಟ ಸುಣ್ಣ 44 ಕಿಲೋ ಅನಿಲ ಹಿಡಿಯಬಲ್ಲದು. ತ್ಯಾಜ್ಯದಲ್ಲಿ ಸುಣ್ಣ ಎಷ್ಟಿದೆ ಅನ್ನೋದೇ ಮೊದಲ ಪ್ರಶ್ನೆ.

ಚಿಕ್ಕಬಳ್ಳಾಪುರದ ಕ್ರಷರ್ ಪುಡಿ ಬೇಕಾದಷ್ಟು ಸಿಗುತ್ತೆ. ಆದರೆ ಗ್ರಾನೈಟ್‌ನಲ್ಲಿ ಸುಣ್ಣದಂಶ ತೀರಾ ಕಡಿಮೆ. ಈ ಕೆಲಸಕ್ಕೆ ಬೇಡ.

ಉಕ್ಕಿನ ಕಿಟ್ಟದಲ್ಲಿ, ಅಂದ್ರೆ ಉಕ್ಕು ತಯಾರಿಸುವಾಗ ಉಳಿಯುವ ಕಸದಲ್ಲಿ (ಸ್ಲ್ಯಾಗ್), ಸುಮಾರು ಶೇ. 40ರಷ್ಟು ಸುಣ್ಣದಂಶ ಇರುತ್ತೆ. ಹೀರುವ ಶಕ್ತಿ ಇದಕ್ಕೇ ಜಾಸ್ತಿ. ಆದರೆ ಸುಟ್ಟ ಸುಣ್ಣ ಹಾಗೇ ಉಳಿದರೆ ಆಮೇಲೆ ಉಬ್ಬಿ ಬ್ಲಾಕ್ ಬಿರುಕು ಬಿಡುತ್ತೆ. ಮೊದಲೇ ಅನಿಲ ಕುಡಿಸಿ ಪಳಗಿಸಬೇಕು. ಬಳ್ಳಾರಿಯಿಂದ ಲಾರಿಯಲ್ಲಿ ತರಿಸಬೇಕು, ಆ ಡೀಸೆಲ್ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಒಡೆದ ಕಟ್ಟಡದ ಕಾಂಕ್ರೀಟ್ ಊರಲ್ಲೇ ಸಿಗುತ್ತೆ. ತುಂಡು ಒಡೆದು ಒಳಮೈಗೆ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ದ್ರವ) ಹನಿ ಹಾಕಿ ನೋಡಿ. ಹೊರಗಿನ ಪದರ ಬಣ್ಣ ಬದಲಿಸದು, ಅದು ಆಗಲೇ ಹೀರಿ ಆಗಿದೆ. ನಡುವೆ ಕಡುಗುಲಾಬಿ ಬಂದರೆ ಅಲ್ಲಿನ ಸುಣ್ಣಕ್ಕೆ ಇನ್ನೂ ಹಸಿವಿದೆ. ನುಣ್ಣಗೆ ಪುಡಿ ಮಾಡಿದಷ್ಟೂ ಬೇಗ ಹೀರುತ್ತೆ.

ಎರಡಕ್ಕೂ ಸ್ವಲ್ಪ ತೇವ ಬೇಕು. ಬರೀ ಗಾಳಿಯಲ್ಲಿ ಈ ಅನಿಲ ಶೇ. 0.04 ಅಷ್ಟೇ, ಹಾಗಾಗಿ ನಿಧಾನ. ಬಾಯ್ಲರ್ ಹೊಗೆಯಲ್ಲಿ ಎಷ್ಟೋ ಪಟ್ಟು ಜಾಸ್ತಿ.

ನಾನಾದರೆ ತುಮಕೂರಿನಲ್ಲಿ ಹಳೇ ಕಾಂಕ್ರೀಟ್‌ನಿಂದಲೇ ಶುರು ಮಾಡುತ್ತೇನೆ. ಬಳ್ಳಾರಿ ಪಕ್ಕದಲ್ಲಿದ್ದಿದ್ದರೆ ಕಿಟ್ಟವೇ.