ಜೆಲ್, ನೀರು, ಲೇಸರ್: ಒಂದು ವಾಲ್ವ್ ಬಿಲ್ಲೆಗೆ ಮೂರು ಪರೀಕ್ಷೆ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ವಾಲ್ವ್ ಶೆಡ್ಡಿನಿಂದ ಟರ್ನರ್ ಕಾಕಾ ಒಂದು ಉಕ್ಕಿನ ಬಿಲ್ಲೆ ತಂದುಕೊಟ್ಟರು. ಮೇಲೆ 150 ಮೈಕ್ರಾನ್ ದಪ್ಪದ ಗಟ್ಟಿ ಕೋಟಿಂಗ್. ಎರಡು ಹಾಳೆ ಜೋಡಿಸಿದರೆ ಅದಕ್ಕಿಂತ ದಪ್ಪ ಆಗುತ್ತದೆ. "ಎಲ್ಲೋ ಒಂದ್ ಕಡೆ ಕೋಟಿಂಗ್ ಬಿಟ್ಟೈತ್ರಿ ಸರ. ಮ್ಯಾಲಿಂದ ಕಾಣಂಗಿಲ್ಲ" ಅಂದರು. ನಾನು ಧಾರವಾಡದಲ್ಲಿ ಅಲ್ಟ್ರಾಸೌಂಡ್ ತಪಾಸಣೆಯ ಕೆಲಸ ಮಾಡುವವನು, ಅಂದರೆ ಕಿವಿಗೆ ಕೇಳದ ದನಿ ಕಳಿಸಿ ಅದರ ಮರುದನಿಯಿಂದ ಒಳಗಿನ ದೋಷ ಹುಡುಕುವವನು. ಲೇಸರ್ ವಿಧಾನವನ್ನು ಒಮ್ಮೆ ನೋಡಬೇಕು ಅಂತ ಬಹಳ ದಿನದ ಆಸೆಯೂ ಇತ್ತು. ಒಂದೇ ಬಿಲ್ಲೆಯನ್ನು ಮೂರೂ ರೀತಿಯಲ್ಲಿ ನೋಡಿದೆ.

ದನಿ ಕಳಿಸಿ ಮರುದನಿ ಕೇಳುವ, ಕೈಯಲ್ಲಿ ಹಿಡಿಯುವ ಪ್ರೋಬ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 5 ಮೆಗಾಹರ್ಟ್ಸ್ ಪ್ರೋಬ್, ಕೆಳಗೆ ಜೆಲ್, ಹತ್ತು ನಿಮಿಷದ ಕೆಲಸ. ಉಕ್ಕಿನಲ್ಲಿ ಆ ಅಲೆಯೇ ಸುಮಾರು 1.2 ಮಿಲಿಮೀಟರ್ ಉದ್ದ. 0.15 ಮಿಲಿಮೀಟರ್ ಕೋಟಿಂಗಿನ ಕಥೆಯನ್ನು ಅದು ಹೇಗೆ ಹೇಳೀತು? ರೈಲಿನ ಆಕ್ಸಲ್ ನೋಡೋಕೆ ಚೆನ್ನ, ಇದಕ್ಕಲ್ಲ.

ನೀರಿನದು ಬೇರೆಯೇ ಮಾತು. ಬಿಲ್ಲೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, 50 ಮೆಗಾಹರ್ಟ್ಸ್ ಪ್ರೋಬನ್ನು ಅದರ ಮೇಲೆ ಅಡ್ಡಡ್ಡ ಓಡಿಸಬೇಕು. ನೀರಿನಲ್ಲಿ ಅಲೆ 30 ಮೈಕ್ರಾನ್ ಉದ್ದ. ಅರ್ಧ ಗಂಟೆಯಲ್ಲಿ ಇಡೀ ಬಿಲ್ಲೆಯ ಚಿತ್ರ ಬಂತು, ನೋಡೋಕೂ ಚೆಂದ. ಆದರೆ ನೀರಿನಿಂದ ಉಕ್ಕಿಗೆ ಇಳಿಯುವಾಗ ಶಕ್ತಿಯಲ್ಲಿ ನೂರಕ್ಕೆ 88 ಪಾಲು ಮೇಲಿಂದಲೇ ವಾಪಸ್ ಬರುತ್ತದೆ. ಆ ಮೊದಲ ದೊಡ್ಡ ಮರುದನಿ ಮೂರು ಸುತ್ತು ಕಂಪಿಸಿ ನಿಲ್ಲುವಷ್ಟರಲ್ಲಿ 60 ನ್ಯಾನೋಸೆಕೆಂಡ್ ಆಗಿರುತ್ತದೆ. ಉಕ್ಕಿನಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ದನಿ ಹೋಗಿ ಬರಬೇಕಾದ್ದರಿಂದ ಅರ್ಧ ಹಿಡಿದು ಲೆಕ್ಕ ಹಾಕಿದರೆ ಮೇಲಿನ 177 ಮೈಕ್ರಾನ್ ನಮಗೆ ಕುರುಡು. ಕೋಟಿಂಗೂ ಉಕ್ಕಿನಂತೆಯೇ ಅಂದುಕೊಂಡರೂ, ನಮಗೆ ಬೇಕಾದದ್ದು 150ರಲ್ಲೇ ಇದೆ!

ಹಾಗಾದರೆ ಅಲೆ ಇನ್ನೂ ಚಿಕ್ಕದಾಗುವಂತೆ ಆವರ್ತನ (ಆ ಮೆಗಾಹರ್ಟ್ಸ್) ಏರಿಸಬಾರದೇ? ಏರಿಸಬಹುದು, ನೀರು ಅವಕಾಶ ಕೊಟ್ಟರೆ. 1974ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಮನ್ಸ್ ಮತ್ತು ಕ್ವೇಟ್ ದನಿಯಿಂದ ನೋಡುವ ಈ ಬಗೆಯ ಸೂಕ್ಷ್ಮದರ್ಶಕ ತೋರಿಸಿದಾಗಿನಿಂದ ಈ ವಿಧಾನಕ್ಕೆ ಸಾಮಾನ್ಯವಾಗಿ ನೀರಿನ ಹಂಗು ತಪ್ಪಿಲ್ಲ. ಆವರ್ತನ ಎರಡು ಪಟ್ಟಾದರೆ ನೀರು ನುಂಗುವುದು ನಾಲ್ಕು ಪಟ್ಟು. 1 ಗಿಗಾಹರ್ಟ್ಸಿಗೆ ಹೋದರೆ 100 ಮೈಕ್ರಾನ್ ನೀರು ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಶಕ್ತಿಯೂ ಉಳಿಯೋದಿಲ್ಲ. ಇದಲ್ಲದೆ ತುಕ್ಕಿನ ಕಾಟ. ತೊಟ್ಟಿಯಿಂದ ತೆಗೆದು ಒರೆಸೋದು ಒಂದು ತಾಸು ತಡವಾಯಿತು, ಅಂಚಿನಲ್ಲಿ ಕೆಂಪು ಕಾಣಿಸಿತು. ಕಾಕಾ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಕೊನೆಗೆ ಲೇಸರ್. ಪರಿಚಯದವರ ಲ್ಯಾಬಿನಲ್ಲಿ ಒಂದು ದಿನ ಸಿಕ್ಕಿತು. ಇಲ್ಲಿ ನೀರಿಲ್ಲ, ಜೆಲ್ ಇಲ್ಲ. ಒಂದು ಲೇಸರ್ ಬರೀ 1 ನ್ಯಾನೋಸೆಕೆಂಡ್ ಮಿಂಚುತ್ತದೆ. ಬಿದ್ದ ಜಾಗ ತಟಕ್ಕನೆ ಬಿಸಿಯಾಗಿ ಹಿಗ್ಗುತ್ತದೆ, ಆ ಹಿಗ್ಗುವಿಕೆಯೇ ಅಲ್ಟ್ರಾಸೌಂಡ್. ಇನ್ನೊಂದು ಲೇಸರ್ ಆ ಮೈಯ ನಡುಕವನ್ನು ಅಳೆಯುತ್ತದೆ. ಮಿಡಿತ ಅಷ್ಟು ಚಿಕ್ಕದಾದ್ದರಿಂದ ಮೇಲಿನ ಕುರುಡು ಪಟ್ಟಿ ಬಹಳ ಕಿರಿದು. ನನಗೆ ಇಷ್ಟವಾದದ್ದು ಇನ್ನೊಂದು: ಬಿಟ್ಟುಹೋದ ಕೋಟಿಂಗ್ ಹಲಗೆ ವಾದ್ಯದ ಚರ್ಮದ ಹಾಗೆ ತನ್ನದೇ ದನಿಯಲ್ಲಿ ಕಂಪಿಸುತ್ತದೆ. ಪರದೆಯ ಮೇಲೆ ಅದು ಬೇರೆಯಾಗಿಯೇ ಕಾಣುತ್ತದೆ, ಹುಡುಕಬೇಕಿಲ್ಲ.

ಆದರೆ ಸುಮ್ನೆ ಸಿಗಲಿಲ್ಲ. ಕೋಟಿಂಗಿನ ಮೈ ಒರಟು. ಅಳೆಯುವ ಲೇಸರಿನ ಬೆಳಕು ವಾಪಸ್ ಬರಲೇ ಇಲ್ಲ. 5 ಮಿಲಿಮೀಟರ್ ಚೌಕದಷ್ಟು ಜಾಗವನ್ನು ಕನ್ನಡಿಯಂತೆ ಉಜ್ಜಬೇಕಾಯಿತು. ಗಿರಾಕಿಗೆ ಹೋಗುವ ಜಾಬ್ ಆಗಿದ್ದರೆ ಅದಕ್ಕೆ ಯಾರು ಒಪ್ಪುತ್ತಾರೆ? ಮೇಲೆ ವೇಳೆಯ ಲೆಕ್ಕ. 50 ಮೈಕ್ರಾನಿಗೊಂದು ಚುಕ್ಕೆ ಅಂದರೆ 10,000 ಚುಕ್ಕೆ. ದನಿ ಸಣ್ಣದು, ಗದ್ದಲ ಜಾಸ್ತಿ. ಹಾಗಾಗಿ ಚುಕ್ಕೆಗೆ ನೂರು ಸಲ ಮಿಂಚಿಸಿ ಸರಾಸರಿ ತೆಗೆದೆವು. ಸೆಕೆಂಡಿಗೆ 100 ಮಿಂಚಿನ ಲೇಸರ್, ಹತ್ತಿರ ಹತ್ತಿರ ಮೂರು ತಾಸು. ಅಷ್ಟು ಹೊತ್ತಿಗೆ ನೀರಿನ ತೊಟ್ಟಿಯಲ್ಲಿ ಆರು ಬಿಲ್ಲೆ ಮುಗಿಯುತ್ತಿದ್ದವು. ನಡುವೆ ದನಿ ಇನ್ನೂ ಜೋರಾಗಲಿ ಅಂತ ನಾನೇ ಹಟ ಹಿಡಿದು ಲೇಸರಿನ ಶಕ್ತಿ ಏರಿಸಿದೆ. ಮೈ ಬರೀ ಬಿಸಿಯಾಗುವ ಹಂತ ದಾಟಿ ಸುಟ್ಟು ಹಾರಿತು. ದನಿಯೇನೋ ಜೋರಾಯಿತು, ಜೊತೆಗೆ ಬೂದುಬಣ್ಣದ ಒಂದು ಕಲೆಯೂ ಉಳಿಯಿತು.

ಹಾಗಾಗಿ ನನ್ನ ದಿನದ ಕೆಲಸಕ್ಕೆ ಈಗಲೂ ನೀರೇ. ಲೇಸರಿಗೆ ಹೋಗುವುದು ಮೂರು ಸಂದರ್ಭದಲ್ಲಿ ಮಾತ್ರ: ಕೋಟಿಂಗ್ ತೆಳು, ಜಾಬ್ ನೀರು ಕಾಣುವಂತಿಲ್ಲ, ಇಲ್ಲವೇ ಮುಟ್ಟಲಾಗದಷ್ಟು ಬಿಸಿ ಇದೆ. ಅದೂ ಮೊದಲು ಗುಜರಿ ತುಂಡಿನ ಮೇಲೆ.

ಲೇಸರ್ ಚಿತ್ರದಲ್ಲಿ ಎರಡು ಕಡೆ ದೋಷ ಕಂಡಿತ್ತು. ಬಿಲ್ಲೆಯನ್ನು ಅಲ್ಲೇ ಕೊಯ್ದು ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಒಂದು ಕಡೆ ಕೋಟಿಂಗ್ ನಿಜಕ್ಕೂ ಬಿಟ್ಟಿತ್ತು. ಇನ್ನೊಂದು ಕಡೆ ಒಳಗೆಲ್ಲ ಗಟ್ಟಿ, ಅದು ನಾನು ಸುಟ್ಟ ಕಲೆ. ಕಾಕಾ ತುಂಡನ್ನು ತಿರುಗಿಸಿ ನೋಡಿ ನಕ್ಕರು: "ಒಂದು ನಮ್ಮದು, ಒಂದು ನಿಮ್ಮದು ನೋಡ್ರಿ ಸರ."