ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬಸ್ಸೋ, ಟ್ಯಾಕ್ಸಿಯೋ, ರೈಲೋ?

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಬೆಂಗಳೂರಿನವರಿಗೆ ಅಲ್ಲಿಗೆ ತಲುಪುವ ದಾರಿಯೇ ಒಂದು ಲೆಕ್ಕಾಚಾರವಾಗಿದೆ. ಖರ್ಚಿನಲ್ಲಿ ರೈಲು ಅತ್ಯಂತ ಅಗ್ಗ, ವಿಮಾನ ನಿಲ್ದಾಣಕ್ಕೆಂದೇ ಓಡುವ ವಾಯುವಜ್ರ ಬಸ್ಸು ನಡುವಿನದು, ಟ್ಯಾಕ್ಸಿ ದುಬಾರಿ. ಆದರೆ ನಾಲ್ವರು ಸೇರಿ ಹೊರಟರೆ ಬಾಡಿಗೆ ಹಂಚಿಹೋಗಿ ಟ್ಯಾಕ್ಸಿಗೂ ಬಸ್ಸಿಗೂ ಇರುವ ಅಂತರ ಕುಗ್ಗುತ್ತದೆ. ಸಮಯದ ಮಾತು ಬೇರೆ. ಹೆಬ್ಬಾಳದ ದಟ್ಟಣೆಯಲ್ಲಿ ಬಸ್ಸೂ ಟ್ಯಾಕ್ಸಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ (ದುಡ್ಡು ಹೆಚ್ಚು ಕೊಟ್ಟವರಿಗೂ ಅಲ್ಲಿ ವಿನಾಯಿತಿಯಿಲ್ಲ). 2021ರಲ್ಲಿ ವಿಮಾನ ನಿಲ್ದಾಣದ ಬಳಿ ತೆರೆದ ರೈಲು ನಿಲ್ದಾಣದ ದಾರಿಯಲ್ಲಿ ಆ ಕಾಟವಿಲ್ಲವಾದರೂ ರೈಲುಗಳು ವಿರಳ, ಇಳಿದ ಮೇಲೆ ಟರ್ಮಿನಲ್‌ಗೆ ಮತ್ತೊಂದು ಬಸ್ಸು ಹಿಡಿಯಬೇಕು. ಆದ್ದರಿಂದ ವೇಳೆ ಹೊಂದುವ, ಕೈಚೀಲ ಮಾತ್ರವಿರುವ ಒಂಟಿ ಪ್ರಯಾಣಿಕರಿಗೆ ರೈಲು, ಮೆಜೆಸ್ಟಿಕ್ ಕಡೆಯಿಂದ ಪೆಟ್ಟಿಗೆಗಳೊಂದಿಗೆ ಹೊರಡುವವರಿಗೆ ಬಸ್ಸು, ನಡುರಾತ್ರಿಯಲ್ಲಿ ವೃದ್ಧರನ್ನೋ ಮಕ್ಕಳನ್ನೋ ಕರೆದೊಯ್ಯುವವರಿಗೆ ಟ್ಯಾಕ್ಸಿ ಅನುಕೂಲ.